ಜೀವಾಮೃತ ಮಣ್ಣಿಗಿರಲಿ, ಹಸಿ ತಪ್ಪಲಿಗೆ ಬೇಡ

ಜೋಳದ ರೊಟ್ಟಿಯ ಜೊತೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ತಿನ್ನುವುದು ರಾಯಚೂರು ಸೀಮೆಯ ಊಟದ ರೀತಿ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಲ್ಲಿ ಸೊಪ್ಪು ಹೆಚ್ಚಾಗಿ ಬೆಂದೇ ತಟ್ಟೆಗೆ ಬರುತ್ತದೆ; ಸೌತೆ, ಕೊತ್ತಂಬರಿ ಅಲ್ಲಿಯೂ ಹಸಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ನಾಡು ರಾಸಾಯನಿಕ ಗೊಬ್ಬರಕ್ಕೂ ಕೀಟನಾಶಕಕ್ಕೂ ಬಹಳ ಕಾಲದಿಂದ ಒಗ್ಗಿಹೋಗಿದೆ. ಅದರಿಂದ ಬಿಡುಗಡೆ ಬಯಸುವ ರೈತನಿಗೆ ಮೊದಲು ಸಿಗುವ ಸಲಹೆ ಜೀವಾಮೃತ, ಪಂಚಗವ್ಯ, ಕಾಂಪೋಸ್ಟ್ ಟೀ. ಈ ದ್ರವಗಳನ್ನು ಎಲೆಯ ಮೇಲೆ ಸಿಂಪಡಿಸಿದರೆ ಆ ಎಲೆಯನ್ನು ಹಸಿಯಾಗಿ ತಿನ್ನಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನ ನಡೆದು ಬಂದ ದಾರಿಯನ್ನು ನಮ್ಮ ರೈತರೂ ತಿಳಿಯಬೇಕು.

ಗೊಬ್ಬರವನ್ನು ದ್ರವವಾಗಿ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಸುರಪಾಲನ ‘ವೃಕ್ಷಾಯುರ್ವೇದ’ ಕುಣಪಜಲದ ತಯಾರಿಕೆಯನ್ನು ವಿವರಿಸುತ್ತದೆ. ಆಧುನಿಕ ಕಾಂಪೋಸ್ಟ್ ವಿಜ್ಞಾನಕ್ಕೂ ಭಾರತವೇ ಪ್ರಯೋಗಶಾಲೆಯಾಯಿತು. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ವಿಧಾನ 1931ರಲ್ಲಿ ಪುಸ್ತಕವಾಗಿ ಬಂತು. ರಾಶಿ ಬಿಸಿಯೇರಬೇಕು, ಅದನ್ನು ಮತ್ತೆ ಮತ್ತೆ ಮಗುಚಬೇಕು ಎಂಬುದು ಅದರ ಮುಖ್ಯ ಪಾಠ. ರೋಗಾಣುಗಳನ್ನು ಕೊಲ್ಲುವುದು ಆ ಬಿಸಿಯೇ. ಅಂಗಳದ ಪಕ್ಕದಲ್ಲಿ ಮಗುಚದೆ ಬಿದ್ದಿರುವ ತಿಪ್ಪೆಗೆ ಆ ಬಿಸಿ ಎಲ್ಲ ಕಡೆಗೂ ತಲುಪುವುದಿಲ್ಲ.

ಜರ್ಮನಿಯಲ್ಲಿ ಹೈನ್ರಿಚ್ ವೆಲ್ಟ್ಸೀನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಾಂಪೋಸ್ಟನ್ನು ನೀರಲ್ಲಿ ನೆನೆಸಿ ತೆಗೆದ ಸಾರದಿಂದ ಎಲೆರೋಗ ತಡೆಯುವ ಪ್ರಯೋಗಗಳನ್ನು ನಡೆಸಿದರು. 1990ರ ದಶಕದಲ್ಲಿ ಅಮೆರಿಕದ ಎಲೇನ್ ಇಂಗಮ್ ಗಾಳಿ ಊದಿ ಕಾಕಂಬಿ ಬೆರೆಸುವ ಕಾಂಪೋಸ್ಟ್ ಟೀಯನ್ನು ಜನಪ್ರಿಯಗೊಳಿಸಿದರು. ಸಿಹಿ ಉಂಡು ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ ಎಂಬುದು ಇದರ ತರ್ಕ. ಆದರೆ 1982ರಲ್ಲಿ ಗುರುತಿಸಲಾದ ಇ. ಕೋಲಿ ಒ157 ತಳಿ ಅಷ್ಟರಲ್ಲಾಗಲೇ ಆಹಾರ ವಿಜ್ಞಾನಿಗಳ ನಿದ್ದೆ ಕೆಡಿಸಿತ್ತು. ದನಗಳ ಕರುಳಿನಲ್ಲಿ ಅವುಗಳಿಗೆ ತೊಂದರೆ ಕೊಡದೆ ವಾಸಿಸುವ ಈ ಜೀವಿ ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಮನುಷ್ಯನಿಗೆ ರಕ್ತಭೇದಿ ತರಬಲ್ಲದು, ಮಕ್ಕಳ ಮೂತ್ರಪಿಂಡವನ್ನು ಕೆಡಿಸಬಲ್ಲದು.

ತಿರುವು ಬಂದದ್ದು 2004ರಲ್ಲಿ. ಬ್ರಯನ್ ಡಫಿ ಮತ್ತು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕಾಂಪೋಸ್ಟ್ ಟೀಗೆ ಶೇ. 1ರಷ್ಟು ಕಾಕಂಬಿ ಹಾಕಿ ನೋಡಿದರು. ದನದ ಗೊಬ್ಬರದ ಸಾರದಲ್ಲಿ ಪ್ರತಿ ಮಿಲಿಲೀಟರಿಗೆ ಒಂದರಂತಿದ್ದ ಸಾಲ್ಮೊನೆಲ್ಲಾ ರೋಗಾಣು 72 ಗಂಟೆಯಲ್ಲಿ ಸಾವಿರ ದಾಟಿತು. ಕೋಳಿ ಗೊಬ್ಬರದ ಸಾರದಲ್ಲಿ ಮೂರೂವರೆ ಲಕ್ಷ ದಾಟಿತು. ಇ. ಕೋಲಿ ಒ157 ಎರಡರಲ್ಲೂ ಸಾವಿರದ ಸುತ್ತ ಬೆಳೆಯಿತು. ಕಾಕಂಬಿಯನ್ನು ಬಿಟ್ಟಾಗ ಅಥವಾ ಶೇ. 0.2ಕ್ಕೆ ಇಳಿಸಿದಾಗ ಈ ಬೆಳವಣಿಗೆ ಕಾಣಲಿಲ್ಲ. 2007ರಲ್ಲಿ ಡೇವಿಡ್ ಇಂಗ್ರಮ್ ಮತ್ತು ಪೆಟ್ರೀಷಿಯಾ ಮಿಲ್ನರ್ ಇನ್ನೊಂದು ನಂಬಿಕೆಯನ್ನು ಅಲುಗಿಸಿದರು: ಪೋಷಕಾಂಶ ಬೆರೆತ ಸಾರದಲ್ಲಿ ಗಾಳಿ ಊದಿದರೂ ರೋಗಾಣು ಬೆಳೆಯುತ್ತದೆ.

ಅಮೆರಿಕದ ಸಾವಯವ ಮಾನದಂಡ ಮಂಡಳಿಯ ಕಾರ್ಯಪಡೆ 2004ರಲ್ಲೇ ದಾರಿ ತೋರಿಸಿತು: ಕುಡಿಯಲು ಯೋಗ್ಯವಾದ ನೀರು, ಶುಚಿಯಾದ ಪಾತ್ರೆ, ನಿಯಮದಂತೆ ಕಳಿತ ಕಾಂಪೋಸ್ಟ್, ಸಿಹಿಯಂಥ ಪೂರಕ ಹಾಕಿದರೆ ಪ್ರಯೋಗಾಲಯದ ಪರೀಕ್ಷೆ. ಆ ಪರೀಕ್ಷೆಗೆ 100 ಮಿಲಿಲೀಟರಿಗೆ 126 ಇ. ಕೋಲಿ, 33 ಎಂಟರೊಕಾಕೈ ಬ್ಯಾಕ್ಟೀರಿಯಾ ಎಂಬ ಮಿತಿಯನ್ನು ಶಿಫಾರಸು ಮಾಡಿತು. ಹಸಿ ಸೆಗಣಿಗೆ ಅಲ್ಲಿಯ ಸಾವಯವ ನಿಯಮ ಇನ್ನೂ ಬಿಗಿ. ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ ಮೊದಲೇ, ತಾಗದಿದ್ದರೆ 90 ದಿನ ಮೊದಲೇ ಅದು ಮಣ್ಣು ಸೇರಿರಬೇಕು.

ಇದೇ ಕಾಲದಲ್ಲಿ ಕರ್ನಾಟಕ ಬೇರೊಂದು ಹಾದಿಯಲ್ಲಿತ್ತು. ಜೀವಾಮೃತವನ್ನು ನೆಚ್ಚಿದ ಸುಭಾಷ್ ಪಾಳೇಕರರ ಶೂನ್ಯ ಬಂಡವಾಳ ಕೃಷಿ ರೈತ ಸಂಘದ ಶಿಬಿರಗಳ ಮೂಲಕ ಹಳ್ಳಿಗಳನ್ನು ತಲುಪಿತು. 2004ರಲ್ಲಿ ರಾಜ್ಯವು ಸಾವಯವ ಕೃಷಿ ನೀತಿ ತಂದಿತು. ಧಾರವಾಡದಲ್ಲಿ ಎಂ.ಎನ್. ಶ್ರೀನಿವಾಸ ಮತ್ತು ಸಂಗಡಿಗರು 2009ರಲ್ಲಿ, ಬೀಜೋಪಚಾರಕ್ಕೆ ಬಳಸುವ ಬೀಜಾಮೃತದಲ್ಲಿರುವ ಉಪಯುಕ್ತ ಬ್ಯಾಕ್ಟೀರಿಯಾಗಳ ಅಧ್ಯಯನ ಪ್ರಕಟಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎನ್. ದೇವಕುಮಾರ್ ಮತ್ತು ಸಂಗಡಿಗರು 2014ರಲ್ಲಿ, ಜೀವಾಮೃತದ ಸೂಕ್ಷ್ಮಜೀವಿಗಳ ಸಂಖ್ಯೆ ತಯಾರಾದ 9ರಿಂದ 12ನೇ ದಿನದ ನಡುವೆ ಶಿಖರ ಮುಟ್ಟುತ್ತದೆ ಎಂದು ತೋರಿಸಿದರು. ಮಣ್ಣಿನ ದೃಷ್ಟಿಯಿಂದ ಇವು ಬೆಲೆಯುಳ್ಳ ಕೆಲಸಗಳು. ಆದರೆ ಇವು ಕೇಳಿದ್ದು ಬೆಳೆಗೆ ನೆರವಾಗುವ ಜೀವಿಗಳ ಪ್ರಶ್ನೆ; ಉಣ್ಣುವವನ ಹೊಟ್ಟೆಯ ಪ್ರಶ್ನೆ ಬೇರೆಯೇ.

ಜೀವಾಮೃತದ ಲೆಕ್ಕ ನೋಡಿ: 200 ಲೀಟರ್ ನೀರು, 10 ಕಿಲೋ ಹಸಿ ಸೆಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು, ನೆರಳಲ್ಲಿ 48 ಗಂಟೆ. ಇನ್ನೂರು ಲೀಟರಿಗೆ ಎರಡು ಕಿಲೋ ಬೆಲ್ಲವೆಂದರೆ ಶೇ. 1. ಡಫಿ ಎಚ್ಚರಿಸಿದ ಪ್ರಮಾಣವೂ ಅದೇ. ಬೆಲ್ಲ ಕಾಕಂಬಿಯಲ್ಲ, ಗೋಮೂತ್ರದ ಕ್ಷಾರವೂ ಸೆಗಣಿಯ ಇತರ ಜೀವಿಗಳ ಪೈಪೋಟಿಯೂ ಇಲ್ಲಿವೆ. ಆದ್ದರಿಂದ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು. ಆದರೆ ಇಲ್ಲಿ ಬಳಸುವುದು ಬಿಸಿಯಲ್ಲಿ ಕಳಿತ ಕಾಂಪೋಸ್ಟನ್ನೂ ಅಲ್ಲ, ಹಸಿ ಸೆಗಣಿಯನ್ನು. ಊರೂರು ಹಾದು ಬರುವ ಕಾಲುವೆಯ ನೀರನ್ನೇ ಡ್ರಮ್ಮಿಗೆ ತುಂಬಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಹಸಿ ಆಹಾರದಿಂದ ಆಗಬಹುದಾದ ಅನಾಹುತ ಎಷ್ಟು ದೊಡ್ಡದೆಂದು 2011ರಲ್ಲಿ ಜರ್ಮನಿ ಕಂಡಿತು. ಮೊಳಕೆ ಬಂದ ಮೆಂತ್ಯಕಾಳಿನ ಮೂಲಕ ಹರಡಿದ ಇ. ಕೋಲಿ ಒ104ರಿಂದ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕಾಂಪೋಸ್ಟ್ ಟೀ ಕಾರಣವಾಗಿರಲಿಲ್ಲ; ಆದರೆ ಬೇಯಿಸದೆ ತಿನ್ನುವ ಬೆಳೆಯಲ್ಲಿ ರೋಗಾಣುವಿಗೂ ಹೊಟ್ಟೆಗೂ ನಡುವೆ ಬೆಂಕಿಯ ತಡೆ ಇರುವುದಿಲ್ಲ ಎಂಬುದು ಎಲ್ಲೆಡೆಗೂ ಸಲ್ಲುವ ಮಾತು. ತೊಳೆದರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಹೊಲದಲ್ಲಿ ಏನು ಮಾಡಬೇಕು? ಭತ್ತ, ಜೋಳ, ತೊಗರಿಗೆ ಜೀವಾಮೃತವನ್ನು ಮಣ್ಣಿಗೆ ಕೊಡಲು ಹಿಂಜರಿಯಬೇಕಿಲ್ಲ. ಅವು ಬೆಂದೇ ತಟ್ಟೆ ಸೇರುತ್ತವೆ. ಬದನೆ, ಬೆಂಡೆಯ ಬುಡಕ್ಕೆ ಮಾತ್ರ ಹಾಕಿ, ಕಾಯಿಗೆ ತಾಗಿಸಬೇಡಿ. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. 90 ಅಥವಾ 120 ದಿನದ ಅಂತರ ಅದಕ್ಕೆ ಸಾಧ್ಯವೇ ಇಲ್ಲ. ಆದ್ದರಿಂದ ಮೆಂತ್ಯ, ಹಕ್ಕರಕಿ, ಕೊತ್ತಂಬರಿ, ಮೂಲಂಗಿ, ಸೌತೆಯ ಮಡಿಗೆ ಜೀವಾಮೃತ ಬೇಡ. ಅಲ್ಲಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು: ಉದ್ದ ರಾಶಿ ಹಾಕಿ, 15 ದಿನ 55 ಡಿಗ್ರಿಗಿಂತ ಹೆಚ್ಚು ಬಿಸಿ ಕಾಯ್ದು, ಅಷ್ಟರಲ್ಲಿ ಐದು ಬಾರಿ ಮಗುಚಿದ್ದು. ಅದರ ಸಾರವನ್ನು ತೆಗೆಯುವುದಾದರೆ ಶುದ್ಧ ನೀರಲ್ಲಿ, ಬೆಲ್ಲವಿಲ್ಲದೆ ತೆಗೆಯಿರಿ.

ರಾಯಚೂರಿನಲ್ಲಿ 2009ರಿಂದ ನಮ್ಮದೇ ಕೃಷಿ ವಿಶ್ವವಿದ್ಯಾಲಯವಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರೈತರ ಡ್ರಮ್ಮುಗಳಿಂದ ಮಾದರಿ ತೆಗೆದು, ಇ. ಕೋಲಿ, ಸಾಲ್ಮೊನೆಲ್ಲಾ ಎಣಿಸಿ, ಫಲಿತಾಂಶವನ್ನು ಕನ್ನಡದಲ್ಲಿ ರೈತರ ಮುಂದಿಡುವ ಕೆಲಸವನ್ನು ಅದು ಕೈಗೆತ್ತಿಕೊಳ್ಳಲಿ. ನೈಸರ್ಗಿಕ ಕೃಷಿಯ ತರಬೇತಿ ಕೊಡುವವರು ಜೀವಾಮೃತದ ಪ್ರಮಾಣ ಹೇಳಿಕೊಡುವಾಗ, ಅದನ್ನು ಯಾವ ಬೆಳೆಗೆ ಹಾಕಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ.