ರಾಜಸೇವಕರ ನಡತೆಯ ಕಟ್ಟಳೆಗಳು

ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಸರಕಾರೀ ನೌಕರರ ನಡತೆಯ ನಿಯಮಗಳನ್ನು ಕುರಿತು ಲೇಖನವೊಂದು ಬಂದುದನ್ನು ಕಂಡು ಕೆಲವರು ಅಚ್ಚರಿಪಡಬಹುದು. ಆದರೆ ಮಠದ ಭಕ್ತಸಮೂಹದಲ್ಲಿ ಒಕ್ಕಲು ಮಕ್ಕಳೂ ವರ್ತಕರೂ ಇರುವಂತೆಯೇ ಗ್ರಾಮಲೆಕ್ಕಿಗರು ಮೊದಲ್ಗೊಂಡು ಕಾರ್ಯದರ್ಶಿಗಳವರೆಗೆ ಸರಕಾರದ ಅನ್ನವನ್ನುಣ್ಣುವವರೂ ಅನೇಕರಿದ್ದಾರೆ. ಉಳಿದವರು ಅವರ ಮೇಜಿನ ಮುಂದೆ ಒಂದಿಲ್ಲೊಂದು ದಿನ ನಿಂತವರೇ. ಆದುದರಿಂದ ಈ ವಿಷಯವು ಯಾರಿಗೂ ಹೊರತಾದುದಲ್ಲ. ಅಧಿಕಾರಿಯ ಕೈ ಶುದ್ಧವಾಗಿರುವುದು ಕಟ್ಟಳೆಯ ಭಯದಿಂದಲೋ, ಸಾಕಷ್ಟು ಸಂಬಳದಿಂದಲೋ, ಒಪ್ಪವಾದ ಲೆಕ್ಕದಿಂದಲೋ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಬಹು ಹಳೆಯದು.

ಅದರ ಹಳಮೆಯನ್ನು ತೋರಿಸಿಕೊಟ್ಟ ಕೀರ್ತಿಯಲ್ಲಿ ಮೈಸೂರಿಗೆ ದೊಡ್ಡ ಪಾಲುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದಿತು. ಅದನ್ನು 1905ರಲ್ಲಿ ಗುರುತಿಸಿದವರು ಅಲ್ಲಿಯ ಆರ್. ಶಾಮಶಾಸ್ತ್ರಿಗಳು, ಅವರು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷಿನ ಅನುವಾದವನ್ನು ಪ್ರಕಟಿಸಿದರು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ವಾದಗಳಿದ್ದರೂ ಅದರ ಕರ್ತನು ಕಚೇರಿಗಳ ಒಳಗುಟ್ಟನ್ನು ಬಲ್ಲವನೆಂಬುದರಲ್ಲಿ ವಾದವಿಲ್ಲ. ಬೊಕ್ಕಸದ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಆತನು ಎಣಿಸಿಟ್ಟಿದ್ದಾನೆ. ಮೊದಲು ಬಂದುದನ್ನು ತಡವಾಗಿ ಬರೆಯುವುದು, ಬಾರದುದನ್ನು ಬಂದಿತೆನ್ನುವುದು, ಒಬ್ಬನು ತೆತ್ತುದನ್ನು ಮತ್ತೊಬ್ಬನ ಹೆಸರಿಗೆ ಹಾಕುವುದು, ತೂಕ ಅಳತೆಗಳಲ್ಲಿ ಮೋಸ: ಇವುಗಳನ್ನು ಓದುವಾಗ ಎರಡು ಸಾವಿರ ವರ್ಷಗಳ ಅಂತರವು ಮರೆತೇಹೋಗುವುದು. ನೀರಿನೊಳಗಿನ ಮೀನಿನದೂ ನಾಲಗೆಯ ಮೇಲಣ ಜೇನಿನದೂ ಆದ ಆತನ ಉಪಮೆಗಳನ್ನು ಎಲ್ಲರೂ ಕೇಳಿದ್ದಾರಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆ ಉಪಮೆಗಳಿಗಿಂತ ಹೆಚ್ಚಿನ ಬೆಲೆಯುಳ್ಳವು ಆತನ ಉಪಾಯಗಳು. ಒಂದು ಇಲಾಖೆಗೆ ಒಬ್ಬನೇ ಮುಖ್ಯನಿರಬಾರದು. ಇರುವವರೂ ಅಲ್ಲಿಯೇ ಬೇರೂರಬಾರದು. ಅಪಹಾರವನ್ನು ತಿಳಿಸಿ ರುಜುಪಡಿಸಿದವನಿಗೆ ಆ ಹಣದ ಆರನೆಯ ಒಂದು ಪಾಲು ಸಲ್ಲಬೇಕು. ತಿಳಿಸಿದವನು ತಾನೇ ನೌಕರನಾದರೆ ಹನ್ನೆರಡನೆಯ ಒಂದು ಪಾಲು.

ಸಂಬಳದ ಪಟ್ಟಿಯನ್ನೂ ಆತನು ಕೊಟ್ಟಿದ್ದಾನೆ. ಮಂತ್ರಿ, ಪುರೋಹಿತ, ಸೇನಾಪತಿ ಮುಂತಾದವರಿಗೆ 48,000 ಪಣ. ಪಟ್ಟಿಯ ಕೊನೆಯಲ್ಲಿರುವ ಸೇವಕನಿಗೆ 60 ಪಣ. ಮೇಲಿನ ದರ್ಜೆಯವರು ಇಷ್ಟು ವೇತನದಿಂದ ಆಸೆಗೊಳಗಾಗರೆಂದು ಆತನು ಕಾರಣವನ್ನೂ ಹೇಳುತ್ತಾನೆ. ಅರವತ್ತು ಪಣದವನ ಆಸೆಯ ಮಾತನ್ನು ಎತ್ತುವುದಿಲ್ಲ. ಈ ಮೌನವು ಮುಂದೆ ಎಷ್ಟೋ ಸರಕಾರಗಳಲ್ಲಿ ಉಳಿದು ಬಂದಿದೆ.

ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಮೋಸಗಾರರು, ಕಳ್ಳರು ಮೊದಲಾದವರಿಂದ ಪ್ರಜೆಗಳನ್ನು ಕಾಪಾಡುವುದು ರಾಜನ ಧರ್ಮ, ಕಾಯಸ್ಥರಿಂದ ವಿಶೇಷವಾಗಿ ಕಾಪಾಡಬೇಕು ಎಂಬುದು ಆ ಸ್ಮೃತಿಯ ವಿಧಿ. ಕಾಯಸ್ಥರೆಂದರೆ ಲೇಖಕರು ಮತ್ತು ಗಣಕರು, ಎಂದರೆ ಕಚೇರಿಯ ಬರಹಗಾರರೂ ಲೆಕ್ಕಿಗರೂ ಎಂದು ವಿಜ್ಞಾನೇಶ್ವರನು ಬಿಡಿಸುತ್ತಾನೆ. ‘ವಿಶೇಷವಾಗಿ’ ಎಂಬುದಕ್ಕೆ ಆತನು ಕೊಡುವ ಕಾರಣವು ಮನನೀಯವಾದುದು: ಅವರು ಅರಸನಿಗೆ ಬೇಕಾದವರೂ ಬಲು ಚತುರರೂ ಆದುದರಿಂದ ಅವರನ್ನು ತಡೆಯುವುದು ಕಷ್ಟ. ಲಂಚದಿಂದ ಜೀವಿಸುವವನ ಸೊತ್ತನ್ನೆಲ್ಲ ಕಸಿದುಕೊಂಡು ನಾಡಿನಿಂದ ಹೊರಗಟ್ಟಬೇಕೆಂಬುದು ಅದೇ ಸ್ಮೃತಿಯ ಶಿಕ್ಷೆ. ಕಳ್ಳನಿಗಿಂತ ಕರಣಿಕನು ಹೆಚ್ಚು ಅಪಾಯಕಾರಿಯೆಂದು ಅರಮನೆಯ ನೆರಳಿನಲ್ಲಿಯೇ ಕುಳಿತು ಬರೆದ ಪಂಡಿತನ ಧೈರ್ಯವು ಸಣ್ಣದಲ್ಲ.

ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ತರುವಾಯ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು ಬಸವಣ್ಣನವರು. ಅರಸನ ಹಣವನ್ನು ಜಂಗಮದಾಸೋಹಕ್ಕೆ ವ್ಯಯಮಾಡುತ್ತಾರೆಂದು ಕೊಂಡೆಯರು ದೂರಿದರೆಂಬುದನ್ನೂ, ಭಂಡಾರವನ್ನು ತೆರೆದು ಎಣಿಸಲಾಗಿ ಒಂದು ಹಾಗವೂ ಕಡಮೆಯಾಗಿರಲಿಲ್ಲವೆಂಬುದನ್ನೂ ಪುರಾಣಗಳು ಹೇಳುವುವು. ಭಕ್ತರು ಈ ಪ್ರಸಂಗದಲ್ಲಿ ಪವಾಡವನ್ನು ಕಾಣುವರು. ನೌಕರರ ನಡತೆಯ ಚರಿತ್ರೆಯನ್ನು ಬರೆಯುವವನಿಗೆ ಕಾಣುವುದು ಬೇರೊಂದು: ದೂರು ಬಂದೊಡನೆ ಭಂಡಾರಿಯು ತನ್ನ ಭಕ್ತಿಯನ್ನಾಗಲಿ ಕೀರ್ತಿಯನ್ನಾಗಲಿ ಮುಂದೊಡ್ಡಲಿಲ್ಲ, ಬೀಗದ ಕೈಯನ್ನೂ ಲೆಕ್ಕವನ್ನೂ ಮುಂದಿಟ್ಟನು.

ಇನ್ನು ಕುಂಪಣಿಯ ಕಾಲಕ್ಕೆ ಬರೋಣ. ಇಂದಿನ ನಿಯಮಾವಳಿಗಳ ನೇರವಾದ ಬೇರು ಇರುವುದು ಅಲ್ಲಿಯೇ. ಈಸ್ಟ್ ಇಂಡಿಯಾ ಕುಂಪಣಿಯು ಹಡಗಿನಿಂದಿಳಿದ ತರುಣ ರೈಟರಿಗೆ ಕೊಡುತ್ತಿದ್ದ ಸಂಬಳವು ವರ್ಷಕ್ಕೆ ಐದು ಪೌಂಡಿನಷ್ಟೇ ಆಗಿತ್ತು. ಸ್ವಂತ ವ್ಯಾಪಾರದಿಂದ ಹೊಟ್ಟೆ ಹೊರೆದುಕೊಳ್ಳಲೆಂಬುದೇ ಅದರ ಅರ್ಥ. 1757ರ ಪ್ಲಾಸಿಯ ಯುದ್ಧದ ತರುವಾಯ ಈ ವರ್ತಕರ ಗುಮಾಸ್ತರು ನವಾಬರನ್ನು ಏರಿಸುವ ಇಳಿಸುವ ದೊರೆಗಳಾದರು. ಮೀರ್ ಜಾಫರನಿಂದ ಕ್ಲೈವನಿಗೆ ಸಂದುದು 2,34,000 ಪೌಂಡೆಂದು ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಹೊರಬಿದ್ದಿತು. ಇದಲ್ಲದೆ ಜಹಗೀರು ಬೇರೆ. ಇದೆಲ್ಲವೂ ‘ನಜರು’, ‘ಭೇಟಿ’ ಎಂಬ ಗೌರವದ ಹೆಸರಿನಿಂದಲೇ ನಡೆಯಿತು. ದೊಡ್ಡವರನ್ನು ಕಾಣಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂಬ ನಮ್ಮ ನಾಡಿನ ಸೌಜನ್ಯವೇ ಲೂಟಿಗೆ ಬಾಗಿಲಾಯಿತು.

ಲಂಡನ್ನಿನ ಡೈರೆಕ್ಟರುಗಳು 1764ರಲ್ಲಿ ಒಂದು ಕರಾರುಪತ್ರವನ್ನು ಸಿದ್ಧಪಡಿಸಿದರು. ನಾಲ್ಕು ಸಾವಿರ ರೂಪಾಯಿಗೆ ಮೀರಿದ ಕಾಣಿಕೆಯನ್ನು ತಮ್ಮ ಅಪ್ಪಣೆಯಿಲ್ಲದೆ ಯಾವ ನೌಕರನೂ ಸ್ವೀಕರಿಸಕೂಡದೆಂಬುದು ಅದರ ಸಾರ. ಕಾಗದವು 1765ರ ಜನವರಿಯಲ್ಲಿ ಕಲಕತ್ತೆಗೆ ಮುಟ್ಟಿತು. ಅಲ್ಲಿಯ ಕೌನ್ಸಿಲಿನವರು ಅದಕ್ಕೆ ರುಜು ಹಾಕದೆ ಬದಿಗಿಟ್ಟರು. ಅದೇ ವೇಳೆಗೆ ಮೀರ್ ಜಾಫರನು ತೀರಿಕೊಂಡು ಆತನ ಮಗನು ಗದ್ದುಗೆಯೇರಲು, ಒಂದು ಲಕ್ಷ ಪೌಂಡಿಗೂ ಮಿಕ್ಕ ಹಣವನ್ನು ಆತನಿಂದ ಪಡೆದು ತಮ್ಮೊಳಗೆ ಹಂಚಿಕೊಂಡರು. ಮೇ ತಿಂಗಳಿನಲ್ಲಿ ಬಂದು ಎಲ್ಲರಿಂದಲೂ ಕರಾರಿಗೆ ರುಜು ಹಾಕಿಸಿದವನು ಯಾರೆಂದರೆ, ಆ ಕ್ಲೈವನೇ! ಉಂಡವನೇ ಉಪವಾಸದ ವಿಧಿಯನ್ನು ಸಾರಿದಂತಾಯಿತು. ಆದರೂ ಸಾರಿದನೆಂಬುದನ್ನು ಮರೆಯಲಾಗದು. ಇಂಥ ಕರಾರುಪತ್ರವನ್ನು ಬರೆದುಕೊಟ್ಟವರೆಂಬುದರಿಂದಲೇ ಮುಂದೆ ‘ಕವನೆಂಟೆಡ್ ಸರ್ವಿಸ್’ ಎಂಬ ಹೆಸರು ನಿಂತಿತು.

1773ರ ರೆಗ್ಯುಲೇಟಿಂಗ್ ಕಾಯಿದೆಯು ಕಾಣಿಕೆಯ ನಿಷೇಧವನ್ನು ಪಾರ್ಲಿಮೆಂಟಿನ ಶಾಸನವನ್ನಾಗಿ ಮಾಡಿತು. 1784ರ ಪಿಟ್ ಮಂತ್ರಿಯ ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಗಿ, ಇಂಡಿಯಾದಿಂದ ಮರಳಿದ ನೌಕರನು ತನ್ನ ಆಸ್ತಿಯ ಪಟ್ಟಿಯನ್ನು ಪ್ರಮಾಣಪೂರ್ವಕ ಒಪ್ಪಿಸಬೇಕೆಂದು ವಿಧಿಸಿತು. ಎರಡೇ ವರ್ಷಗಳಲ್ಲಿ, 1786ರಲ್ಲಿ, ಆ ವಿಧಿಯನ್ನು ಕಿತ್ತುಹಾಕಿದರು. ಇಂದು ನಮ್ಮ ನೌಕರರು ಒಪ್ಪಿಸುವ ಆಸ್ತಿವಿವರದ ಹಿರಿಯಣ್ಣನು ಹೀಗೆ ಶೈಶವದಲ್ಲಿಯೇ ಮಡಿದನು. ವಾರನ್ ಹೇಸ್ಟಿಂಗ್ಸನ ಮೇಲಿನ ವಿಚಾರಣೆಯು 1788ರಿಂದ 1795ರ ವರೆಗೆ ಎಳೆದು, ಆತನು ನಿರ್ದೋಷಿಯೆಂದು ಬಿಡುಗಡೆ ಹೊಂದಿದುದು ಎಲ್ಲರೂ ಬಲ್ಲ ಕಥೆ.

ಲಾರ್ಡ್ ಕಾರ್ನ್‌ವಾಲಿಸನು ಹಿಡಿದ ದಾರಿಯು ಬೇರೆ. ಕಲೆಕ್ಟರನ ಸಂಬಳವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿ, ವಸೂಲಿಯ ಮೇಲೆ ಕಮಿಷನ್ನನ್ನು ಕೊಟ್ಟು, ಸ್ವಂತ ವ್ಯಾಪಾರವನ್ನು ನಿಲ್ಲಿಸಿದನು. ಯುರೋಪಿಯನ್ನರ ವಿಷಯದಲ್ಲಿ ಇದು ಬಹುಮಟ್ಟಿಗೆ ಫಲಿಸಿತು. ಇಲ್ಲಿಯವರ ವಿಷಯದಲ್ಲಿ ಆತನ ನ್ಯಾಯವು ತಲೆಕೆಳಗಾಯಿತು. ಬಿಳಿಯನು ಭ್ರಷ್ಟನಾದರೆ ಸಂಬಳ ಸಾಲದು; ಕರಿಯನು ಭ್ರಷ್ಟನಾದರೆ ಅದು ಅವನ ಹುಟ್ಟುಗುಣ! 1793ರ ಸನ್ನದಿನ ಕಾಯಿದೆಯು ಮುಖ್ಯವಾದ ಹುದ್ದೆಗಳನ್ನೆಲ್ಲ ಕುಂಪಣಿಯ ಕರಾರಿನ ನೌಕರರಿಗೇ ಮೀಸಲಾಗಿಟ್ಟಿತು.

ಈ ಅನ್ಯಾಯವನ್ನು ಬಿಚ್ಚಿ ಹೇಳಿದವರಲ್ಲಿ ಮುಖ್ಯನು ಥಾಮಸ್ ಮನ್ರೋ. 1799ರಲ್ಲಿ ಕನ್ನಡ ಜಿಲ್ಲೆಗೂ, 1800ರಿಂದ 1807ರ ವರೆಗೆ ಬಳ್ಳಾರಿ ಸೇರಿದ ದತ್ತಮಂಡಲಗಳಿಗೂ ಕಲೆಕ್ಟರನಾಗಿದ್ದ ಈತನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ನೋಡಿದವನು. ತರುವಾಯ ಕೊಯಮತ್ತೂರಿನ ಖಜಾನೆಯ ದೊಡ್ಡ ಹಗರಣವನ್ನು ವಿಚಾರಿಸುವ ಕಾರ್ಯವು ಇವನ ಪಾಲಿಗೆ ಬಂದಿತು. ಅಲ್ಲಿ ಖಜಾಂಚಿಯೊಬ್ಬನು ಇಡೀ ಜಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದನು. ಮೇಲಿದ್ದ ಕಲೆಕ್ಟರನು ಆತನನ್ನು ಪೂರ್ತಿ ನಂಬಿದ್ದನು. ಇಷ್ಟನ್ನು ಕಂಡ ಬಳಿಕವೂ ಮನ್ರೋ ಇಂಡಿಯದವರೆಲ್ಲ ಅಪ್ರಾಮಾಣಿಕರೆಂಬ ತೀರ್ಮಾನಕ್ಕೆ ಬರಲಿಲ್ಲ. ಮೇಲೇರುವ ಆಸೆಯನ್ನು ಕಿತ್ತುಕೊಂಡು, ಹೊಟ್ಟೆಗೆ ಸಾಲದ ಸಂಬಳವನ್ನಿತ್ತು, ಲಕ್ಷಾಂತರ ರೂಪಾಯಿಯನ್ನು ಕೈಯಲ್ಲಿಟ್ಟು ಶೀಲವನ್ನು ಬಯಸುವ ಸರಕಾರವೇ ಮೊದಲ ಅಪರಾಧಿಯೆಂಬುದು ಆತನ ವಾದದ ತಿರುಳು. ಮದರಾಸಿನ ಗವರ್ನರನಾಗಿ 1824ರ ಕೊನೆಯ ದಿನ ಬರೆದ ಟಿಪ್ಪಣಿಯಲ್ಲಿಯೂ ಆತನು ಇಲ್ಲಿಯವರನ್ನು ಮೇಲಿನ ಹುದ್ದೆಗಳಿಂದ ಹೊರಗಿಟ್ಟುದನ್ನು ಖಂಡಿಸಿದ್ದಾನೆ.

ಸಂಬಳವೊಂದೇ ಮದ್ದಲ್ಲವೆಂಬುದಕ್ಕೂ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ‘ಶರ್ತಿ’ ಎಂಬ ಪದ್ಧತಿಯು ನಡೆಯುತ್ತಿತ್ತು. ಅಮಲ್ದಾರನು ಇಷ್ಟು ಕಂದಾಯವನ್ನು ಎತ್ತಿಕೊಡುವೆನೆಂದು ಷರತ್ತು ಬರೆದುಕೊಡುವನು. ಕಡಮೆ ಬಿದ್ದರೆ ಕೈಯಿಂದ ತುಂಬಬೇಕು. ತುಂಬುವ ಅಮಲ್ದಾರನುಂಟೇ? ರೈತನನ್ನೇ ಹಿಂಡಿದನು. ಇಲ್ಲಿ ನೌಕರನು ನಿಯಮವನ್ನು ಮುರಿದನೆನ್ನುವಂತೆಯೂ ಇಲ್ಲ. ನಿಯಮವೇ ಅವನ ಕೈಯಲ್ಲಿ ಚಾವಟಿಯನ್ನಿತ್ತಿತ್ತು. 1830ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ದಂಗೆಯೆದ್ದುದಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಅಧಿಕಾರಿಗಳ ಈ ಸುಲಿಗೆಯು ಅವುಗಳಲ್ಲಿ ಮುಖ್ಯವಾದುದು. ಮರುವರ್ಷ ಆಡಳಿತವು ಬ್ರಿಟಿಷರ ಕೈಸೇರಿ, 1881ರ ವರೆಗೂ ಅರಸುಮನೆತನಕ್ಕೆ ಮರಳಲಿಲ್ಲ. ಕಚೇರಿಯ ನಡತೆಯು ಸಿಂಹಾಸನವನ್ನೇ ಐವತ್ತು ವರ್ಷಗಳ ಕಾಲ ಬರಿದು ಮಾಡಿತೆಂದರೆ ಅತಿಶಯೋಕ್ತಿಯಾಗದು.

1860ರ ದಂಡಸಂಹಿತೆಯು ಲಂಚವನ್ನು ಅಪರಾಧವೆಂದು ವಿವರಿಸಿತು. ಅಪರಾಧಕ್ಕೂ ಸದ್ವರ್ತನೆಗೂ ನಡುವೆ ಅಗಲವಾದ ಬಯಲಿದೆ. ಆ ಬಯಲಿಗೆ ಬೇಲಿ ಹಾಕಲು ಬಂದುವೇ ನೌಕರರ ನಡತೆಯ ನಿಯಮಗಳು. ಬ್ರಿಟಿಷರ ಕಾಲದ ನಿಯಮಗಳಲ್ಲಿ ಇಂದು ಓದಿದರೆ ನಗು ಬರುವ ಸೂಕ್ಷ್ಮಗಳುಂಟು. ಅಲ್ಪ ಬೆಲೆಯ ಹೂವು ಹಣ್ಣುಗಳನ್ನು ಸ್ವೀಕರಿಸಬಹುದು, ಆದರೆ ಅಂಥ ರೂಢಿಗೂ ಉತ್ತೇಜನ ಕೊಡಬಾರದು. ಅಸ್ತಿಭಾರದ ಸಮಾರಂಭದಲ್ಲಿ ಅಧಿಕಾರಿಗೆ ಕೊಡುವ ಕರಣಿಯ ವಿಷಯಕ್ಕೂ ಒಂದು ನಿಯಮ! ಬೆಳ್ಳಿಯ ಕರಣಿಯಿಂದ ಗಾರೆಯನ್ನು ಮೆತ್ತಿದ ಸಾಹೇಬನು ಅದನ್ನು ಮನೆಗೆ ಒಯ್ಯುತ್ತಿದ್ದುದರಿಂದಲೇ ಇದು ಹುಟ್ಟಿರಬೇಕು. ಕ್ರಿಸ್ಮಸ್ ಹಬ್ಬದ ‘ಡಾಲಿ’ಯ ಹಣ್ಣಿನ ಬುಟ್ಟಿಯ ತಳದಲ್ಲಿ ಹಣ್ಣಲ್ಲದುದೂ ಇರುತ್ತಿದ್ದುದು ಆ ಕಾಲದ ಜನರಿಗೆ ಗೊತ್ತಿದ್ದ ಮಾತು.

ಸ್ವಾತಂತ್ರ್ಯದ ವರ್ಷವಾದ 1947ರಲ್ಲಿಯೇ ಭ್ರಷ್ಟಾಚಾರ ನಿರೋಧದ ಪ್ರತ್ಯೇಕ ಕಾಯಿದೆಯು ಬಂದಿತು. ಕೆ. ಸಂತಾನಂ ಅವರ ಸಮಿತಿಯು 1962ರಲ್ಲಿ ನೇಮಕಗೊಂಡು 1964ರಲ್ಲಿ ವರದಿಯನ್ನಿತ್ತಿತು. ಆ ವರ್ಷವೇ ಕೇಂದ್ರ ಜಾಗೃತ ಆಯೋಗವು ಸ್ಥಾಪನೆಯಾಗಿ ಕೇಂದ್ರದ ನೌಕರರ ನಡತೆಯ ಹೊಸ ನಿಯಮಗಳೂ ಹೊರಟುವು. ನಮ್ಮ ರಾಜ್ಯದ ನಿಯಮಗಳು 1966ರವು. ಅವುಗಳ ಸ್ಥಾನಕ್ಕೆ 2021ರಲ್ಲಿ ಹೊಸವು ಬಂದಿವೆ. 1988ರ ಕಾಯಿದೆಗೆ 2018ರಲ್ಲಿ ಮಾಡಿದ ತಿದ್ದುಪಡಿಯಿಂದ ಲಂಚವನ್ನು ಕೊಡುವುದೂ ನೇರವಾದ ಅಪರಾಧವಾಗಿದೆ. ಬಲಾತ್ಕಾರದಿಂದ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಪಾರಾಗುವನು.

ಕೇಂದ್ರದ 1964ರ ನಿಯಮಗಳಲ್ಲಿ ಕಾಣಿಕೆಯ ಪ್ರಕರಣವು ನಮ್ಮ ಜನಜೀವನವನ್ನು ಬಲ್ಲವರು ಬರೆದಂತಿದೆ. ಮದುವೆ, ಉತ್ತರಕ್ರಿಯೆ, ಧಾರ್ಮಿಕ ಸಮಾರಂಭಗಳಲ್ಲಿ ನೆಂಟರಿಂದ ಮುಯ್ಯಿ ಪಡೆಯಲಡ್ಡಿಯಿಲ್ಲ. ಗೊತ್ತಾದ ಬೆಲೆಗೆ ಮೀರಿದರೆ ಸರಕಾರಕ್ಕೆ ತಿಳಿಸಬೇಕು. ಒಂದು ಹೊತ್ತಿನ ಊಟವು ಕಾಣಿಕೆಯಲ್ಲ. ಕಚೇರಿಯಲ್ಲಿ ಕೆಲಸವಿರುವವನ ಮನೆಯಲ್ಲಿ ಪದೇಪದೇ ಉಣ್ಣುವುದು ಸಲ್ಲದು. ಮಠದವರಾದ ನಾವು ಲಕ್ಷ್ಯವಿಟ್ಟು ಓದಬೇಕಾದುವು ಇನ್ನೆರಡು. ಅಪ್ಪಣೆಯಿಲ್ಲದೆ ಯಾವ ನೌಕರನೂ ಸನ್ಮಾನದ ಬಿನ್ನವತ್ತಳೆಯನ್ನು ಸ್ವೀಕರಿಸಕೂಡದು. ಯಾವ ಉದ್ದೇಶಕ್ಕಾಗಿಯೇ ಆಗಲಿ, ಅಪ್ಪಣೆಯಿಲ್ಲದೆ ವಂತಿಗೆಯನ್ನು ಎತ್ತಕೂಡದು. ಉದ್ದೇಶವು ಪುಣ್ಯಕಾರ್ಯವಾದರೆ ಆಗಬಹುದೆಂಬ ವಿನಾಯಿತಿಯನ್ನು ನಿಯಮವು ಇಟ್ಟಿಲ್ಲ.

ಇದು ಕಠೋರವೆಂದು ನಾನೂ ಒಮ್ಮೆ ಎಣಿಸಿದ್ದೆನು. ಒಂದು ತಾಲೂಕಿನ ಕಚೇರಿಯಲ್ಲಿ ನಾನು ಬರಹದ ಕೆಲಸಕ್ಕಿದ್ದಾಗ ಅಲ್ಲಿಯ ಅಧಿಕಾರಿಗಳು ಗುಡಿಯೊಂದರ ಜೀರ್ಣೋದ್ಧಾರಕ್ಕೆಂದು ರಸೀದಿಯ ಪುಸ್ತಕವನ್ನು ಮೇಜಿನ ಮೇಲಿರಿಸಿಕೊಂಡಿದ್ದರು. ಅವರು ಕೈಯೊಡ್ಡುವವರಲ್ಲ, ಕೂಡಿದ ಹಣವೆಲ್ಲ ಪೈಸೆ ತಪ್ಪದೆ ಗುಡಿಗೆ ಸಂದಿತೆಂಬುದನ್ನು ನಾನು ಬಲ್ಲೆ. ಒಂದು ದಿನ ವಾರಸಾ ಅರ್ಜಿಯನ್ನು ಹಿಡಿದು ಬಂದ ಮುದಿ ಒಕ್ಕಲಿಗನೊಬ್ಬನು ಪುಸ್ತಕವನ್ನು ಕಂಡು, ಅವರು ಕೇಳುವ ಮುನ್ನವೇ ಮಡಿಲಿನ ಗಂಟನ್ನು ಬಿಚ್ಚಿದನು. ಆತನ ಕೆಲಸವು ಅದೇ ದಿನ ನ್ಯಾಯವಾಗಿಯೇ ಮುಗಿಯಿತು. ಹೊರಗೆ ಬಂದವನು ರಸೀದಿಯನ್ನು ನನ್ನ ಮುಂದೆ ಹಿಡಿದು, “ಸಾಹೇಬ್ರ, ಇದು ದೇವ್ರಿಗಿ ಕೊಟ್ಟಿದ್ದೋ, ಖಾತೇಕ ಕೊಟ್ಟಿದ್ದೋ?” ಎಂದು ಕೇಳಿದನು. ಕುಹಕವಿರಲಿಲ್ಲ, ತಿಳಿಯದೆಯೇ ಕೇಳಿದನು. ನಾನು ಏನನ್ನೋ ಹೇಳಿ ಜಾರಿಸಿದೆನು. ಆತನು ಅದನ್ನು ಮಡಿಸಿ ಹೊಲದ ಕಾಗದಗಳ ಕಟ್ಟಿನಲ್ಲಿಯೇ ಇಟ್ಟುಕೊಂಡು ಹೋದನು.