ತೂತು ಬಿದ್ದ ನಾಣ್ಯ, ಕುಗ್ಗುವ ಪ್ಲಾಸ್ಟಿಕ್

ನಾಣ್ಯಶಾಸ್ತ್ರದ ಪಟ್ಟಿಗಳಲ್ಲಿ ತೂತು ಬಿದ್ದ ನಾಣ್ಯ ದೋಷವುಳ್ಳದ್ದು. ಸಂಗ್ರಾಹಕರು ಅದಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ಆದರೆ ಆ ತೂತನ್ನು ಯಾರೋ ಬೇಕೆಂದೇ ಕೊರೆಸಿ, ದಾರ ಪೋಣಿಸಿ, ಕೊರಳಿಗೆ ಹಾಕಿಕೊಂಡಿದ್ದಾರೆ. ಬಹುಪಾಲು ಹೆಣ್ಣುಮಕ್ಕಳೇ. ರಾಜನ ಹೆಸರಿರುವ ಮುಖ ಚರಿತ್ರೆಯಾಗಿ, ಹೆಣ್ಣು ಕೊರೆಸಿದ ತೂತು ದೋಷವಾದದ್ದು ಹೇಗೆ?

ವಿಜಯಪುರದಿಂದಲೇ ಶುರುಮಾಡೋಣ. ಎರಡನೇ ಅಲಿ ಆದಿಲ್ ಶಾಹನ ಕಾಲದಲ್ಲಿ (1656–1672) ಇಲ್ಲಿನ ಸುಲ್ತಾನರ ಹೆಸರಿನಲ್ಲಿ 'ಲಾರಿ' ಎಂಬ ನಾಣ್ಯ ಹೊರಬರುತ್ತಿತ್ತು. ಪರ್ಷಿಯಾದ ಲಾರ್ ಪಟ್ಟಣದಿಂದ ಬಂದ ಹೆಸರದು. ಬೆಳ್ಳಿಯ ತಂತಿಯನ್ನು ಮಡಚಿ, ಅದರ ಮೇಲೆ ಅಚ್ಚೊತ್ತುತ್ತಿದ್ದರು. ಅಚ್ಚು ಅಗಲ, ತಂತಿ ಸಣ್ಣದು. ಹೀಗಾಗಿ ಅಕ್ಷರಗಳ ತುಣುಕುಗಳಷ್ಟೇ ಮೂಡುತ್ತಿದ್ದವು. ಅಕ್ಷರವನ್ನು ತಿರುವುಮುರುವಾಗಿ ಕೆತ್ತಿದ ಕುಶಲಕರ್ಮಿಯ ಹೆಸರು ನಾಣ್ಯದ ಮೇಲೆ ಎಲ್ಲೂ ಇಲ್ಲ.

ಟಂಕಸಾಲೆಯಿಂದ ಹೊರಬಿದ್ದ ನಾಣ್ಯಕ್ಕೆ ಇನ್ನೊಂದು ಬದುಕೂ ಇತ್ತು. ನಮ್ಮ ಕಾಸಿನ ಸರ, ಪುತಳಿ ಸರಗಳ ರೂಪವೇ ನಾಣ್ಯದಿಂದ ಬಂದದ್ದು. ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಈ ಬದುಕು ಇನ್ನೂ ಸ್ಪಷ್ಟ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ದಖ್ಖನ್ನಿನ ಸೈನ್ಯಗಳಿಗೆ ಒದಗಿಸುತ್ತಿದ್ದ ಸಮುದಾಯವಿದು. ಕನ್ನಡಿ, ಕವಡೆ, ಮಣಿಗಳ ಜೊತೆ ಬೆಳ್ಳಿಯ ರೂಪಾಯಿಗಳೂ ಹೆಂಗಸರ ಉಡುಪಿಗೆ ಸೇರಿದವು. ಆ ರೂಪಾಯಿಗಳನ್ನು ಓದಲು ಬರುತ್ತದೆ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ನಿಕ್ಕಲ್ ಬಂತು. ಹಾಗಾಗಿ ಒಂದು ಸರದಲ್ಲಿರುವ ನಾಣ್ಯಗಳು ಅದು ಯಾವ ವರ್ಷದ ನಂತರದ್ದೆಂದು ಹೇಳುತ್ತವೆ. ಸವೆದ ತೂತಿನ ಅಂಚು ಅದು ಎಷ್ಟು ಕಾಲ ಮೈಮೇಲಿತ್ತೆಂಬುದರ ಸುಳಿವು ಕೊಡುತ್ತದೆ.

ತೋಳಿನ ತುಂಬ ತೊಡುತ್ತಿದ್ದ ದಂತದ ಬಳೆಗಳ ಜಾಗಕ್ಕೆ ಪ್ಲಾಸ್ಟಿಕ್ ಬಂತು. ದಂತ ಮೊದಲೇ ದುಬಾರಿ, ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿ ಅದರ ವ್ಯಾಪಾರಕ್ಕೂ ತಡೆಹಾಕಿತು. ಪ್ಲಾಸ್ಟಿಕ್ ಬಂದೊಡನೆ ಕಲೆ ಸತ್ತಿತೆಂದು ಮರುಗುವವರಿದ್ದಾರೆ. ಬಳೆ ತೊಟ್ಟವರು ಮಾತ್ರ ತೊಡುವುದನ್ನು ಬಿಡಲಿಲ್ಲ.

ಪ್ಲಾಸ್ಟಿಕ್ಕೇ ಅಚ್ಚಿಗೆ ಒಡ್ಡಿಕೊಂಡ ಕಥೆ ಅಮೆರಿಕದ್ದು. 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿ ಬೆಟ್ಟಿ ಮೋರಿಸ್ ಮತ್ತು ಕೇಟ್ ಬ್ಲೂಮ್‌ಬರ್ಗ್ ಎಂಬ ಇಬ್ಬರು ಗೃಹಿಣಿಯರು 'ಶ್ರಿಂಕಿ ಡಿಂಕ್ಸ್' ಹೆಸರಿನಲ್ಲಿ ಕುಗ್ಗುವ ಹಾಳೆಯನ್ನು ಮಾರತೊಡಗಿದರು. ಇದು ಪಾಲಿಸ್ಟೈರೀನ್. ಬಿಸಿಯಲ್ಲಿ ಎಳೆದು ಹಿಗ್ಗಿಸಿ, ಹಾಗೆಯೇ ತಣಿಸಿದ ಹಾಳೆ. ಮತ್ತೆ ಕಾಯಿಸಿದರೆ ಒಳಗಿನ ಉದ್ದನೆಯ ಅಣುಸರಪಳಿಗಳು ಮೊದಲಿನಂತೆ ಸುರುಳಿಯಾಗುತ್ತವೆ. ಉದ್ದ, ಅಗಲ ಹೆಚ್ಚುಕಡಿಮೆ ಮೂರನೇ ಒಂದಕ್ಕಿಳಿದು, ದಪ್ಪ ಒಂಬತ್ತು ಪಟ್ಟಾಗುತ್ತದೆ.

ಕೆಲಸದ ಕ್ರಮ ಸರಳ. ಹಾಳೆಯ ಮೇಲೆ ರಬ್ಬರ್ ಅಚ್ಚನ್ನು ಅಳಿಯದ ಶಾಯಿಯಲ್ಲಿ ಒತ್ತಿ, ಬಣ್ಣ ತುಂಬಿ, ಕತ್ತರಿಸಬೇಕು. ಬಣ್ಣ ತುಸು ತೆಳುವಾಗಿರಲಿ, ಏಕೆಂದರೆ ಕುಗ್ಗಿದಾಗ ಅದು ಗಾಢವಾಗುತ್ತದೆ. ತೂತನ್ನು ಮಾತ್ರ ಕಾಯಿಸುವ ಮೊದಲೇ, ಬೇಕಾದುದಕ್ಕಿಂತ ದೊಡ್ಡದಾಗಿ ಮಾಡಬೇಕು. ಆಮೇಲೆ ಪದಕ ಗಟ್ಟಿಯಾಗಿಬಿಡುತ್ತದೆ. ನಾಣ್ಯದಲ್ಲಿ ಕೊನೆಗೆ ಬರುತ್ತಿದ್ದ ತೂತು ಇಲ್ಲಿ ಮೊದಲೇ ಬಂತು. ಅಂದರೆ ಈ ವಸ್ತು ಹುಟ್ಟುವಾಗಲೇ ಯಾರದೋ ಕಿವಿಗೋ ಕೀಲಿಗೊಂಚಲಿಗೋ ಗೊತ್ತಾಗಿರುತ್ತದೆ.

ಮಕ್ಕಳಾಟವೆಂದು ಬಹುಕಾಲ ಬದಿಗಿಟ್ಟಿದ್ದ ಈ ಹಾಳೆಯನ್ನು ಮಿಶೆಲ್ ಖೈನ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರ್ಸೆಡ್ ಕ್ಯಾಂಪಸ್ಸಿನಲ್ಲಿ ಬಳಸಿದರು. ಅದರ ಮೇಲೆ ಗೆರೆ ಮುದ್ರಿಸಿ, ಕುಗ್ಗಿಸಿ, ಆ ಅಚ್ಚಿನಿಂದ ದ್ರವ ಹರಿಯುವ ಅತಿ ಸೂಕ್ಷ್ಮ ಕಾಲುವೆಗಳನ್ನು ಮಾಡಿದರು. ಆ ಸಂಶೋಧನೆ 2008ರಲ್ಲಿ ಪ್ರಕಟವಾಯಿತು. ಅಡುಗೆಮನೆಯ ಒಲೆಯಲ್ಲಿ ನಡೆದದ್ದೂ ಪ್ರಯೋಗಾಲಯದಲ್ಲಿ ನಡೆದದ್ದೂ ಒಂದೇ ಕ್ರಿಯೆ. ಗೌರವ ಮಾತ್ರ ಬೇರೆ ಬೇರೆ.

ಈ ಹಾಳೆ ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಸಿಗುತ್ತದೆ. ಜಲನಗರದ ಮನೆಯಲ್ಲೋ, ತಿಕೋಟಾ, ಬಬಲೇಶ್ವರಗಳಲ್ಲೋ ಹುಡುಗಿಯೊಬ್ಬಳು ಗೋಳಗುಮ್ಮಟದ ಅಚ್ಚೊತ್ತಿ ಕಿವಿಯೋಲೆ ಮಾಡಿದರೆ, ಅದು ಕೊಳೆಯದೆ ಬಹುಕಾಲ ಉಳಿಯುತ್ತದೆ. ಇದು ಪರಿಸರಕ್ಕೆ ಹೊರೆ, ಚರಿತ್ರೆಕಾರರಿಗೆ ಸಾಕ್ಷಿ. ಆದರೆ ಹೆಸರಿಲ್ಲದ ಸಾಕ್ಷಿ ಮತ್ತೆ ಟಂಕಸಾಲೆಯ ಕೆತ್ತನೆಗಾರನ ಪಾಡೇ ಆದೀತು. ಹಿಂಬದಿಯಲ್ಲಿ ಮಾಡಿದವರ ಹೆಸರು, ಊರು, ಇಸವಿ ಇರಲಿ. ತೂತಿನಂತೆ ಅದನ್ನೂ ಒಲೆಗಿಡುವ ಮೊದಲೇ ಮಾಡಿಬಿಡಬೇಕು.