ಶ್ವಾಸಕೋಶದ ಕ್ಯಾನ್ಸರಿನಲ್ಲಿ ಉತ್ಕರ್ಷಣಕಾರಿಗಳು ಮತ್ತು ಉತ್ಕರ್ಷಣರೋಧಿಗಳು

ಸಿಗರೇಟಿನ ಹೊಗೆಯ ಒಂದೊಂದು ದಮ್ಮಿನ ಜೊತೆಗೂ ಲೆಕ್ಕವಿಲ್ಲದಷ್ಟು ಫ್ರೀ ರ‍್ಯಾಡಿಕಲ್‌ಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕಸಿಯುವ ಈ ಉತ್ಕರ್ಷಣಕಾರಿಗಳು ಡಿಎನ್‌ಎಯನ್ನು ಕೆಡಿಸಿ ಕ್ಯಾನ್ಸರಿಗೆ ದಾರಿ ಮಾಡಬಲ್ಲವು. ಕಲ್ನಾರಿನ ಎಳೆಗಳಲ್ಲಿರುವ ಕಬ್ಬಿಣವೂ ಇಂಥವನ್ನೇ ಹುಟ್ಟಿಸುತ್ತದೆ. ಇವುಗಳ ಆರ್ಭಟ ತಗ್ಗಿಸುವ ಸಿ ಮತ್ತು ಇ ಜೀವಸತ್ವ, ಬೀಟಾ ಕೆರೋಟಿನ್ ಮೊದಲಾದವು ಉತ್ಕರ್ಷಣರೋಧಿಗಳು. ಒಂದು ಕೆಡಿಸುತ್ತದೆ, ಇನ್ನೊಂದು ಕಾಯುತ್ತದೆ ಎಂಬ ಸರಳ ಲೆಕ್ಕ ಬಹುಕಾಲ ನಡೆಯಿತು.

ಫ್ರೀ ರ‍್ಯಾಡಿಕಲ್‌ಗಳಿಂದಲೇ ಮುಪ್ಪು ಬರುತ್ತದೆಂದು ವಿಜ್ಞಾನಿ ಡೆನ್‌ಹಮ್ ಹಾರ್ಮನ್ 1956ರಲ್ಲಿ ವಾದಿಸಿದ. ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ಲನ್ನು ಅಡಗಿಸುವ ಕಿಣ್ವ ದೇಹದಲ್ಲೇ ಇದೆಯೆಂದು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ತೋರಿಸಿದರು. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಸಮೀಕ್ಷೆಗಳು ಹೇಳುತ್ತಿದ್ದವು. ಇದಕ್ಕೆ ಬೀಟಾ ಕೆರೋಟಿನ್ ಕಾರಣವಿರಬಹುದೇ ಎಂದು 1981ರಲ್ಲಿ ರಿಚರ್ಡ್ ಪೀಟೊ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಕೇಳಿದರು. ಅವರದು ಪ್ರಶ್ನೆಯಷ್ಟೇ, ಮಾತ್ರೆ ಮಾರುವವರಿಗೆ ಅದೇ ಉತ್ತರವಾಯಿತು.

ಆ ಪ್ರಶ್ನೆಗೆ ಉತ್ತರ ಹುಡುಕುವ ಪರೀಕ್ಷೆ 1985ರಲ್ಲಿ ಫಿನ್‌ಲೆಂಡಿನಲ್ಲಿ ಶುರುವಾಯಿತು. 50ರಿಂದ 69 ವಯಸ್ಸಿನ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಫಲಿತಾಂಶ 1994ರಲ್ಲಿ ಹೊರಬಿತ್ತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಇದೇ ಪರೀಕ್ಷೆಯಲ್ಲಿ ಕೊಟ್ಟಿದ್ದ ಇ ಜೀವಸತ್ವದಿಂದ ಶ್ವಾಸಕೋಶಕ್ಕೆ ಲಾಭವೇನೂ ಆಗಿರಲಿಲ್ಲ. ಆಕಸ್ಮಿಕವಿರಬೇಕೆಂದು ಹಲವರು ತಳ್ಳಿಹಾಕಿದರು. ಅಷ್ಟರಲ್ಲಿ ಅಮೆರಿಕದ ‘ಕ್ಯಾರೆಟ್’ ಪ್ರಯೋಗವೂ ಅದನ್ನೇ ಹೇಳಿತು. ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರು ಸೇರಿ 18,314 ಮಂದಿಯಿದ್ದ ಅದನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ, ನಿಲ್ಲಿಸಬೇಕಾಯಿತು. ಬೀಟಾ ಕೆರೋಟಿನ್ ಜೊತೆಗೆ ಎ ಜೀವಸತ್ವವನ್ನೂ ಪಡೆದವರಲ್ಲಿ ಈ ಕ್ಯಾನ್ಸರ್ ಶೇ. 28ರಷ್ಟು ಏರಿತ್ತು. ಬಹುಪಾಲು ಸಿಗರೇಟು ಸೇದದ ಅಮೆರಿಕದ 22,071 ವೈದ್ಯರ ಅಧ್ಯಯನದಲ್ಲಿ ಮಾತ್ರ ಲಾಭವೂ ಇಲ್ಲ, ಕೇಡೂ ಇಲ್ಲ.

ಹಾಗಾದರೆ ಅನುಮಾನ ಹೊಗೆಯ ಮೇಲೆಯೇ. ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಹೊಗೆ ಮತ್ತು ಹೆಚ್ಚಿನ ಬೀಟಾ ಕೆರೋಟಿನ್ ಒಟ್ಟಿಗೆ ಕೊಟ್ಟಾಗ ಶ್ವಾಸಕೋಶದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಕಂಡವು. ಹೊಗೆಯಲ್ಲಿ ಬೀಟಾ ಕೆರೋಟಿನ್ ತಾನೇ ಉತ್ಕರ್ಷಣಗೊಂಡು ಒಡೆಯುತ್ತದೆ ಎಂಬುದು ಒಂದು ವಿವರಣೆ.

ಗೋಥೆನ್‌ಬರ್ಗಿನ ಮಾರ್ಟಿನ್ ಬೆರ್ಗೊ ತಂಡ 2014ರಲ್ಲಿ ಇನ್ನೊಂದು ವಿವರಣೆ ಕೊಟ್ಟಿತು. ಗಡ್ಡೆ ಆಗಲೇ ಹುಟ್ಟಿದ್ದ ಇಲಿಗಳಿಗೆ ಇ ಜೀವಸತ್ವ ಅಥವಾ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಉತ್ಕರ್ಷಣರೋಧಿಯನ್ನು ಉಣಿಸಿದಾಗ ಗಡ್ಡೆ ಬೇಗ ಬೆಳೆಯಿತು. ಡಿಎನ್‌ಎ ಹಾನಿ ತಗ್ಗಿದ್ದರಿಂದ, ಕೆಟ್ಟ ಕೋಶವನ್ನು ತಡೆಯುವ ಪಿ53 ಪ್ರೋಟೀನೂ ಮಂಕಾಗಿತ್ತು. ಉತ್ಕರ್ಷಣರೋಧಿಗಳು ಬ್ಯಾಕ್1 ಎಂಬ ಪ್ರೋಟೀನನ್ನು ಉಳಿಸಿ ಗಡ್ಡೆ ಹರಡಲು ನೆರವಾಗುತ್ತವೆಂದು 2019ರ ಅಧ್ಯಯನಗಳು ತಿಳಿಸಿದವು. ಅಷ್ಟೇ ಅಲ್ಲ, ಶ್ವಾಸಕೋಶದ ಎಷ್ಟೋ ಗಡ್ಡೆಗಳು ಉತ್ಕರ್ಷಣರೋಧಿಗಳ ತಯಾರಿಕೆಗೆ ಕಡಿವಾಣ ಹಾಕುವ ಕೀಪ್1 ಜೀನನ್ನು ಕಳೆದುಕೊಂಡು ಅವನ್ನು ತಾವೇ ತಯಾರಿಸಿಕೊಳ್ಳುತ್ತವೆ.